ಮಕ್ಕಳ ಶೂ, ಬಟ್ಟೆ: ಎಲ್ಲಿ ಹೆಚ್ಚು ಖರ್ಚು ಮಾಡಬೇಕು, ಎಲ್ಲಿ ಬೇಡ

ಶಾಲೆ ಆರಂಭವಾಗುವ ಮುನ್ನ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ಪೋಷಕರನ್ನು ಕಾಡುವ ಪ್ರಶ್ನೆ ಒಂದೇ: ದುಬಾರಿಯದೋ, ಅಗ್ಗದ್ದೋ? ಮಗು ಅದನ್ನು ದಿನಕ್ಕೆ ಎಷ್ಟು ಹೊತ್ತು ಧರಿಸುತ್ತದೆ ಎಂಬುದರಿಂದ ಲೆಕ್ಕ ಆರಂಭಿಸುವುದು ಲೇಸು.

ದಿನಕ್ಕೆ ಏಳೆಂಟು ಗಂಟೆ ಕಾಲಿನಲ್ಲೇ ಇರುವ ಕಪ್ಪು ಶಾಲಾ ಶೂಗೆ ಹೆಚ್ಚು ಹಣ ಕೊಡುವುದು ಸರಿ. ಆದರೆ ಬೆಲೆಯ ಚೀಟಿಯನ್ನಲ್ಲ, ಶೂವನ್ನೇ ಪರೀಕ್ಷಿಸಬೇಕು. ಹಿಮ್ಮಡಿಯ ಭಾಗ ಹಿಸುಕಿದರೆ ಕುಸಿಯಬಾರದು, ಅಟ್ಟೆಯು ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಟ್ಟನಡುವೆ ಮಡಚಿಕೊಳ್ಳಬಾರದು, ಮಗು ನಿಂತಾಗ ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು. ‘ಎರಡು ವರ್ಷ ಬರಲಿ’ ಎಂದು ದೊಡ್ಡ ಅಳತೆಯದನ್ನು ಕೊಳ್ಳುವುದು ನಮ್ಮ ಮನೆಗಳ ಹಳೆಯ ಚಾಳಿ. ಸಡಿಲ ಶೂ ಎಡವಿಸುತ್ತದೆ, ಗುಳ್ಳೆ ಎಬ್ಬಿಸುತ್ತದೆ. ಅಣ್ಣನ ಶೂ ತಮ್ಮನಿಗೆ ದಾಟಿಸುವುದೂ ಬೇಡ, ಏಕೆಂದರೆ ಅದರ ಒಳಭಾಗ ಆಗಲೇ ಬೇರೊಂದು ಪಾದಕ್ಕೆ ಒಗ್ಗಿರುತ್ತದೆ. ವಾರಕ್ಕೊಮ್ಮೆ ಹಾಕುವ ಬಿಳಿ ಕ್ಯಾನ್ವಾಸ್ ಶೂ ಮಾತ್ರ ಅಗ್ಗದ್ದಾದರೂ ಸಾಕು. ಪುಟ್ಟ ಕಂದಮ್ಮಗಳ ಅಳತೆ ಕೆಲವೇ ತಿಂಗಳಲ್ಲಿ ಬದಲಾಗುವುದರಿಂದ ಅಲ್ಲಿ ಬ್ರ್ಯಾಂಡಿನ ಮೋಹ ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಬಟ್ಟೆಯ ಲೆಕ್ಕ ಬೇರೆ. ಬನಿಯನ್, ಚಡ್ಡಿಗಳು ಶುದ್ಧ ಹತ್ತಿಯವಾಗಿದ್ದರೆ ಚಿಕ್ಕಪೇಟೆಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡರೂ ಕೊರತೆಯಿಲ್ಲ. ಸ್ವೆಟರ್ ಬೇಕಾಗುವುದು ಚಳಿಗಾಲದ ಕೆಲವೇ ವಾರಗಳಿಗೆ, ಅಕ್ಕನದೇ ನಡೆಯುತ್ತದೆ. ಆದರೆ ಬೆಂಗಳೂರಿನ ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೂ ಸುರಿಯುವುದರಿಂದ, ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿರುವ ರೇನ್‌ಕೋಟಿಗೆ ತುಸು ಹೆಚ್ಚು ಕೊಡಬಹುದು.