ಹಸಿ ಸೂಪಿನ ಕೆನೆಗೆ ಗೋಡಂಬಿಯೋ, ತೆಂಗಿನಕಾಯಿಯೋ, ಬೆಣ್ಣೆಹಣ್ಣೋ?

ಒಲೆ ಹಚ್ಚದೆ, ಹಾಲು-ಮೊಸರು ಮುಟ್ಟದೆ 300 ಗ್ರಾಂ ಸೌತೆಕಾಯಿಯ ಸೂಪು ಮಾಡಬೇಕು ಅಂದುಕೊಳ್ಳಿ. ಶುಂಠಿ, ಹಸಿಮೆಣಸು, ಅರ್ಧ ನಿಂಬೆಹಣ್ಣಿನ ರಸ ಯಾವುದಕ್ಕಾದರೂ ಸೈ. ಬದಲಾಗುವುದು ಕೆನೆ ಮಾತ್ರ.

ನಮ್ಮ ಮೊದಲ ಆಯ್ಕೆ ಗೋಡಂಬಿ. 50 ಗ್ರಾಂ ಗೋಡಂಬಿಯನ್ನು ನಾಲ್ಕು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಮೊದಲು ಮೂರು ಚಮಚ ನೀರಲ್ಲಿ ಅದನ್ನಷ್ಟೇ ನುಣ್ಣಗೆ ಅರೆಯಿರಿ. ಆಮೇಲೆ ಸೌತೆ ಹಾಕಿ. ಒಟ್ಟಿಗೇ ಹಾಕಿದರೆ ಸೌತೆ ನೀರಾಗಿ, ಗೋಡಂಬಿ ಚೂರು ಬ್ಲೇಡಿಗೆ ಸಿಗದೆ ತೇಲುತ್ತದೆ, ಬಾಯಿಗೆ ರವೆ ರವೆ. ಇದೇ ಗಟ್ಟಿ ಪೇಸ್ಟಿಗೆ ಕ್ಯಾರೆಟ್ ತುರಿ, ಉಪ್ಪು, ನಿಂಬೆರಸ ಕಲಸಿದರೆ ಪಲ್ಯದ ಜಾಗಕ್ಕೂ ಆಯಿತು. ಒಂದು ಮಾತು: ಅಂಗಡಿಯ ‘ಹಸಿ’ ಗೋಡಂಬಿ ಸಾಮಾನ್ಯವಾಗಿ ಸಿಪ್ಪೆ ಬಿಡಿಸುವಾಗಲೇ ಬಿಸಿ ಕಂಡಿರುತ್ತದೆ. ಬಿಸಿ ಕಾಣದ್ದನ್ನೇ ತಿನ್ನುವ ಕಟ್ಟುನಿಟ್ಟಿನವರು ತೆಂಗಿಗೆ ಹೋಗಲಿ.

ತೆಂಗು ಗೋಡಂಬಿಗಿಂತ ಅಗ್ಗ, ತಂಬುಳಿಯ ರುಚಿಗೂ ಹತ್ತಿರ. ಅರ್ಧ ಹೋಳಿನ ಬಿಳಿ ತುರಿ ಸಾಕು, ಅರೆದು ಸೋಸಲೇಬೇಕು. ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಹರಳುಗಟ್ಟುತ್ತದೆ.

ಬೆಣ್ಣೆಹಣ್ಣು ನೆನೆಸುವ ಗೋಜಿಲ್ಲ. ಆದರೆ ಬೇಗ ಕಪ್ಪಾಗುತ್ತದೆ. ಅರೆದ ಕೂಡಲೇ ಬಡಿಸಿ.

ಮಿಕ್ಸಿಯನ್ನು ಒಂದೇ ಸಮ ಓಡಿಸಬೇಡಿ, ಜಾರ್ ಬಿಸಿಯಾಗುತ್ತದೆ. ತಣ್ಣೀರು ಹಾಕಿ ತಡೆತಡೆದು ತಿರುಗಿಸಿ. ಸೌತೆಯ ತುದಿ ಕಹಿಯಿದೆಯೇ, ಮೊದಲೇ ನೋಡಿ.