ಮೈಸೂರಿನಲ್ಲಿ ಕೊಂಡ ಅಮೆರಿಕನ್ ಫುಟ್‌ಬಾಲ್ ಚೆಂಡು: ಎರಡು ತಿಂಗಳ ಬಳಕೆಯ ನಂತರ

ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯಗಳ ಹುಚ್ಚು ಹತ್ತಿಸಿಕೊಂಡ ನಾವು ನಾಲ್ವರು ಗೆಳೆಯರು ಮೈಸೂರಿನ ಕ್ರೀಡಾ ಸಾಮಗ್ರಿ ಅಂಗಡಿಯೊಂದರ ಮೂಲಕ ತರಿಸಿಕೊಂಡ ಈ ಅಂಡಾಕಾರದ ರಬ್ಬರ್ ಚೆಂಡು, ಮೊನಚಾದ ತುದಿಗಳ ಬಳಿ ಬಿಳಿ ಪಟ್ಟಿಯಿರುವ ಕಾಲೇಜು ಮಾದರಿಯದು. ಲೇಸಿನ, ಅಂದರೆ ಚೆಂಡಿನ ಮೇಲಿನ ದಾರದ ಹೊಲಿಗೆಯ ಮೇಲೆ ಬೆರಳೂರಿ ಎಸೆದರೆ ಚೆಂಡು ತನ್ನ ಉದ್ದದ ಅಕ್ಷದ ಸುತ್ತ ಗಿರಗಿರನೆ ತಿರುಗುತ್ತ ಅಲುಗಾಡದೆ ಸಾಗಬೇಕು. ಇದರಲ್ಲಿ ಲೇಸನ್ನು ಕೇವಲ ಅಚ್ಚೊತ್ತಿರುವುದರಿಂದ ಬೆವರಿದ ಕೈಗೆ ಹಿಡಿತವೇ ಸಿಗುವುದಿಲ್ಲ. ನಿಯಮದಂತೆ 12.5ರಿಂದ 13.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಗಾಳಿಯ ಒತ್ತಡವಿರಬೇಕಾದ ಚೆಂಡು ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಅಂಗಡಿಯವರು ಬದಲಿಸಿಕೊಡಲಿಲ್ಲ. ಗಂಭೀರ ಅಭ್ಯಾಸ ಮಾಡುವವರು ಚರ್ಮದ ಚೆಂಡನ್ನೇ ಹುಡುಕುವುದು ಒಳಿತು.

ಆದರೂ ಚಾಮುಂಡಿ ಬೆಟ್ಟದ ತಪ್ಪಲಿನ ಬಯಲಿನಲ್ಲಿ ಚೆಂಡನ್ನು ಎಸೆದು ಮುನ್ನಡೆಯುವ ಪಾಸಿಂಗ್ ಆಟದ ಮರ್ಮವನ್ನು ನಮಗೆ ಕಲಿಸಿದ್ದು ಈ ಚೆಂಡೇ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ತೋಳ್ಬಲಕ್ಕಿಂತ, ಅದನ್ನು ಹಿಡಿಯಲು ಓಡುವ ರಿಸೀವರ್ ತಿರುಗಿ ನೋಡುವ ಮುನ್ನವೇ ಅವನು ತಲುಪಲಿರುವ ಜಾಗಕ್ಕೆ ಚೆಂಡನ್ನು ಬಿಡುವ ಸಮಯಪ್ರಜ್ಞೆ ದೊಡ್ಡದು. ಅದಕ್ಕೆ ಬೇಕಾದ ಎರಡು-ಮೂರು ಸೆಕೆಂಡುಗಳನ್ನು ಗಳಿಸಿಕೊಡುವವರು ಎದುರಾಳಿಗಳನ್ನು ತಡೆಯುವ ಐವರು ಲೈನ್‌ಮನ್‌ಗಳು. ತಂಡ ಚೆಂಡು ಹಿಡಿದು ಓಡಬಲ್ಲದೆಂಬ ಭಯವಿದ್ದರೆ ಎದುರಾಳಿ ರಕ್ಷಕರು ಮುಂದಕ್ಕೆ ಸರಿಯುತ್ತಾರೆ, ಅವರ ಬೆನ್ನ ಹಿಂದೆ ಜಾಗ ತೆರೆದುಕೊಳ್ಳುತ್ತದೆ. ನಮ್ಮ ನಾಲ್ವರಲ್ಲಿ ಮಾತ್ರ ಎಲ್ಲರೂ ಕ್ವಾರ್ಟರ್‌ಬ್ಯಾಕ್‌ಗಳೇ; ಲೈನ್‌ಮನ್ ಆಗಲು ಇದುವರೆಗೆ ಯಾರೂ ಒಪ್ಪಿಲ್ಲ.