ಹಳೆ ಫ್ರಂಟ್ ಆಕ್ಸಲ್ ತರಿಸುವವರು ದುಡ್ಡು ಕಳಿಸುವ ಮೊದಲು ಹೌಸಿಂಗ್ ನೇರ ಉಂಟೋ ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ವರ್ಕ್‌ಶಾಪಿಗೆ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ಫ್ರಂಟ್ ಆಕ್ಸಲ್ ಬಂದಿಳಿಯಿತು. ದೂರದ ಊರಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ ಫೋನಿನಲ್ಲೇ ಮಾತಾಡಿ, ಪೂರ್ತಿ ಹಣ ಮೊದಲೇ ಕೊಟ್ಟು, ಪಾರ್ಸೆಲ್ ಲಾರಿಯಲ್ಲಿ ತರಿಸಿದ್ದು. 2020ಕ್ಕಿಂತ ಹಿಂದಿನ ಥಾರ್ ಗಾಡಿಯ ಮುಂದಿನ ಟಾರ್ಶನ್ ಬಾರ್ ಸಸ್ಪೆನ್ಶನ್ ಬಿಚ್ಚಿ, ಹಳೆ ಜೀಪಿನ ಹಾಗೆ ಇಡೀ ಆಕ್ಸಲ್ ಮತ್ತು ಪ್ಲೇಟ್ (ಲೀಫ್ ಸ್ಪ್ರಿಂಗ್) ಕೂರಿಸುವ ಕೆಲಸ. ಫೋಟೋದಲ್ಲಿ ಕಪ್ಪು ಪೇಂಟ್ ಹೊಳೆಯುತ್ತಿತ್ತು, ವೀಡಿಯೊದಲ್ಲಿ ಚಕ್ರ ಕೂರುವ ಹಬ್ಬನ್ನು ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತಿತ್ತು.

ವೈರ್ ಬ್ರಶ್ ಹಾಕಿದ ಕೂಡಲೇ ಎಡಗಡೆ ಟ್ಯೂಬು ನಡುವಿನ ಡಿಫರೆನ್ಶಿಯಲ್ (ಎರಡು ಚಕ್ರಕ್ಕೂ ಬಲ ಹಂಚುವ ಗೇರು) ಕೂರುವ ಎರಕಕ್ಕೆ ಸೇರುವ ಜಾಗದಲ್ಲಿ ಸುತ್ತ ವೆಲ್ಡಿಂಗ್ ಕಂಡಿತು. ಕಂಪನಿಯಲ್ಲಿ ಹಾಕಿದ ವೆಲ್ಡಿಂಗ್ ಅಲ್ಲ, ಆಮೇಲೆ ಯಾರೋ ಹೊಡೆದದ್ದು. ಆ ವೆಲ್ಡಿಂಗಿನ ಪಕ್ಕದಲ್ಲೇ ಎರಕದಲ್ಲಿ ಕೂದಲೆಳೆಯ ಬಿರುಕು. ಅಳೆದು ನೋಡಿದರೆ ಟ್ಯೂಬು 5 ಮಿಲಿಮೀಟರ್ ಹಿಂದಕ್ಕೆ ಬಾಗಿತ್ತು. ಒಳಗಿನ ಒಂದು ಶಾಫ್ಟಿನ ತುದಿಯ ಹಲ್ಲುಗೆರೆ (ಸ್ಪ್ಲೈನ್) ತಿರುಚಿತ್ತು, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವುದರ ಮೇಲೆ ತಿರುಗುತ್ತದೋ ಆ ಕಿಂಗ್ ಪಿನ್ನಿನ ಬೇರಿಂಗ್ ನಾಲ್ಕೂ ಹೋಗಿತ್ತು.

ಇದರಲ್ಲಿ ಬೇರಿಂಗ್, ಶಾಫ್ಟ್, ಸೀಲ್ ಯಾವುದೂ ದೊಡ್ಡ ಮಾತಲ್ಲ. ಹುಡುಕಿದರೆ ಹೊಸದು ಸಿಗುತ್ತದೆ. ನೀವು ದುಡ್ಡು ಕೊಟ್ಟು ಕೊಳ್ಳುವುದು ಹೌಸಿಂಗನ್ನು, ಅಂದರೆ ಶಾಫ್ಟು ಗೇರುಗಳನ್ನೆಲ್ಲ ಒಳಗೆ ಹಿಡಿದಿಡುವ ಹೊರ ಕವಚವನ್ನು. ಅದು ಬಾಗಿದ್ದರೆ ಮೇಲೆ ಎಷ್ಟು ಹೊಸ ಸಾಮಾನು ಹಾಕಿದರೂ ಅಷ್ಟನ್ನೂ ಅದು ತಿಂದು ಹಾಕುತ್ತದೆ. ಆದರೆ ಕೊಳ್ಳುವವರು ಹಬ್ ತಿರುಗಿಸುತ್ತಾರೆ, ಡಿಫರೆನ್ಶಿಯಲಿನ ಹಲ್ಲುಚಕ್ರದ ಜೋಡಿಯಾದ ಕ್ರೌನ್ ಪಿನಿಯನ್ನಿನ ಸದ್ದು ಕೇಳುತ್ತಾರೆ, ಹೌಸಿಂಗಿಗೆ ಅಳತೆ ಹಿಡಿಯುವವರು ತೀರಾ ಕಮ್ಮಿ.

ಹಳೆ ಜೀಪಿನ ಮಾದರಿಯ ಹೌಸಿಂಗಿನಲ್ಲಿ ನಡುವಿನ ಭಾಗ ಎರಕದ್ದು, ಎರಡು ಬದಿಯ ಉಕ್ಕಿನ ಟ್ಯೂಬುಗಳನ್ನು ಅದರೊಳಗೆ ಒತ್ತಿ ಕೂರಿಸಿ, ಒಂದೆರಡು ತೂತಿನಲ್ಲಿ ವೆಲ್ಡ್ ತುಂಬಿಸಿರುತ್ತಾರೆ. ಗಾಡಿ ಹಾರಿ ಬಿದ್ದಾಗ ಚಕ್ರ ಮೇಲಕ್ಕೆ ತಳ್ಳುತ್ತದೆ, ಪ್ಲೇಟ್ ಕೆಳಕ್ಕೆ ಒತ್ತುತ್ತದೆ. ಟ್ಯೂಬಿನ ತುದಿ ಮೇಲಕ್ಕೆ ಬಾಗಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಮುರಕಲ್ಲಿನ ದಂಡೆಗೆ ಚಕ್ರ ಗುದ್ದಿದರೆ ಟ್ಯೂಬು ಹಿಂದಕ್ಕೆ ಬಾಗುತ್ತದೆ. ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ತಪ್ಪಿದ್ದನ್ನು ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನಲ್ಲಿ ಸರಿ ಮಾಡಿ ತೋರಿಸಬಹುದು, ಚಕ್ರದ ತಲೆ ವಾಲುವ ಕ್ಯಾಂಬರಿಗೆ ಈ ಆಕ್ಸಲಿನಲ್ಲಿ ಅಡ್ಜಸ್ಟ್‌ಮೆಂಟೇ ಇಲ್ಲ. ಟೋ ಸರಿ ಮಾಡಿದರೂ ಒಳಗಿನ ಶಾಫ್ಟ್ ಓರೆಯಾಗಿಯೇ ಓಡುತ್ತದೆ, ಸೀಲ್ ಹರಿದು ಗೇರ್ ಆಯಿಲ್, ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ನಕಲ್ ಎಂಬ ಭಾಗದೊಳಗಿನ ಗ್ರೀಸಿಗೆ ಇಳಿಯುತ್ತದೆ. ಇನ್ನು ಟ್ಯೂಬು ಎರಕದೊಳಗೆ ಸುತ್ತಿಕೊಂಡಿದ್ದರೆ ಒಂದು ಬದಿಯ ಕ್ಯಾಸ್ಟರ್ (ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಕೋನ) ಒಂದು ತರ, ಇನ್ನೊಂದು ಬದಿಯದ್ದು ಇನ್ನೊಂದು ತರ.

ಅಳೆಯುವುದು ಹೀಗೆ. ಡಿಫರೆನ್ಶಿಯಲ್, ಶಾಫ್ಟ್, ನಕಲ್ ಎಲ್ಲ ತೆಗೆಸಿ ಹೌಸಿಂಗ್ ಖಾಲಿ ಮಾಡಿ. ಎರಡೂ ತುದಿಯಲ್ಲಿ ನಕಲ್ ಕೂರುವ ಗೋಳದಲ್ಲಿ ಮೆಶಿನ್ ಮಾಡಿದ ತೂತು ಉಂಟು. ಅದಕ್ಕೆ ಸರಿಯಾಗಿ ಕೂರುವ ಎರಡು ಬಿಲ್ಲೆಗಳನ್ನು ಲೇತಿನಲ್ಲಿ ಮಾಡಿಸಿ, ಎರಡರ ನಡುಮಧ್ಯೆ 1 ಮಿಲಿಮೀಟರ್ ತೂತು ಕೊರೆಸಿ. ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಈ ತುದಿಯಿಂದ ಆ ತುದಿಗೆ ತೂರಿಸಿ ಬಿಗಿಯಾಗಿ ಎಳೆದು ಕಟ್ಟಿ. ಈಗ ಕವರ್ ಕಡೆಯಿಂದ ಬಗ್ಗಿ ನೋಡಿದರೆ ಕ್ರೌನ್ ವೀಲಿನ ಎರಡು ಬೇರಿಂಗ್ ಕೂರುವ ಅರ್ಧವೃತ್ತಗಳ ನಡುವೆ ದಾರ ಹಾದುಹೋಗುವುದು ಕಾಣುತ್ತದೆ. ಬೇರಿಂಗ್ ಕ್ಯಾಪುಗಳನ್ನು ತಿರುಗಿ ಬಿಗಿದು, ವರ್ನಿಯರಿನಲ್ಲಿ ದಾರದಿಂದ ಮೇಲೆ, ಕೆಳಗೆ, ಹಿಂದೆ, ಮುಂದೆ ನಾಲ್ಕೂ ಕಡೆಗೆ ಅಳೆಯಿರಿ. ಕ್ಯಾಪುಗಳನ್ನು ಅದಲುಬದಲು ಮಾಡಬೇಡಿ, ಬಿಚ್ಚುವಾಗಲೇ ಪಂಚ್ ಗುರುತು ಹಾಕಿ. ದಾರ ನಡುವಿನಿಂದ 1 ಮಿಲಿಮೀಟರಿನೊಳಗೆ ಇದ್ದರೆ ಧೈರ್ಯವಾಗಿ ಮುಂದೆ ಹೋಗಿ. 2 ದಾಟಿದರೆ ಬಿಟ್ಟುಬಿಡಿ. ಜಾಕಿ ಕೊಟ್ಟು ಕಾಯಿಸಿ ನೇರ ಮಾಡಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಒಮ್ಮೆ ಬಾಗಿದ ಜಾಗದಲ್ಲೇ ಅದು ತಿರುಗಿ ಬಾಗುತ್ತದೆ.

ಮಾರುವವರು ಅಷ್ಟೆಲ್ಲ ಬಿಚ್ಚಲು ಬಿಡದಿದ್ದರೆ ಬಿರುಕನ್ನಾದರೂ ನೋಡಿ. ಟ್ಯೂಬು–ಎರಕದ ಕೂಡಿಕೆ, ಪ್ಲೇಟ್ ಕೂರುವ ಪ್ಯಾಡಿನ ಅಂಚು, ಗೋಳದ ಕುತ್ತಿಗೆ, ಈ ಮೂರು ಜಾಗದಲ್ಲಿ ಪೇಂಟ್ ಕೆರೆದು ಸೀಮೆಎಣ್ಣೆ ಹಚ್ಚಿ. ಐದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕು ಇದ್ದರೆ ಒಳಗೆ ಇಳಿದ ಸೀಮೆಎಣ್ಣೆ ತಿರುಗಿ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಆ ಆಕ್ಸಲಿನಲ್ಲಿ ಎರಡು ಇಂಚಿನ ಗೆರೆ ಮೂಡಿತ್ತು. ಎರಕಕ್ಕೆ ಮೊದಲು ಕಾಯಿಸದೆ ವೆಲ್ಡ್ ಹೊಡೆದರೆ ಬಿರುಕು ಹೆಚ್ಚಾಗಿ ವೆಲ್ಡಿಂಗಿನ ಮೇಲೆ ಅಲ್ಲ, ಪಕ್ಕದಲ್ಲಿ ಬರುತ್ತದೆ, ಆದ್ದರಿಂದ ಕಣ್ಣು ಪಕ್ಕಕ್ಕೂ ಹೋಗಬೇಕು.

ಪ್ಯಾಡುಗಳನ್ನು ಯಾರಾದರೂ ಕಿತ್ತು ಬೇರೆ ಕಡೆ ವೆಲ್ಡ್ ಮಾಡಿದ್ದಾರೋ ಎಂಬುದೂ ಮುಖ್ಯ. ಎರಡು ಪ್ಯಾಡಿನ ಮೇಲೂ ಆಂಗಲ್ ಗೇಜ್ ಇಟ್ಟು ನೋಡಿ, ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಮೇಲೆ ಕಿಂಗ್ ಪಿನ್ನಿನ ಮೇಲಿನ ಕ್ಯಾಪಿನ ಮಟ್ಟಸ ಮುಖಕ್ಕೆ ಗೇಜ್ ಇಡಿ. ಪ್ಯಾಡಿಗೂ ಇದಕ್ಕೂ ಇರುವ ವ್ಯತ್ಯಾಸದಿಂದ ಕ್ಯಾಸ್ಟರ್ ಎಷ್ಟು ಬರುತ್ತದೆಂದು ಗೊತ್ತಾಗುತ್ತದೆ. ಪ್ಲೇಟಿನ ಗಾಡಿಗೆ 3ರಿಂದ 6 ಡಿಗ್ರಿ ಬೇಕು. ಸೊನ್ನೆಗೆ ಹತ್ತಿರ ಬಂದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಬೆಣೆ ಶಿಮ್ ಹಾಕಿ ಕ್ಯಾಸ್ಟರ್ ಹೆಚ್ಚಿಸಿದರೆ ಪಿನಿಯನ್ ಮೂಗು ಕೆಳಗಾಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು) ಒದ್ದಾಡುತ್ತದೆ.

ನಕಲ್: ಟೈ ರಾಡ್ ಕಳಚಿ ಒಂದೊಂದನ್ನೇ ಕೈಯಲ್ಲಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಡುವಿನಲ್ಲಿ ಗುಳಿಗೆ ಬಿದ್ದ ಹಾಗೆ ಸಿಕ್ಕಿಕೊಂಡರೆ ಕಿಂಗ್ ಪಿನ್ ಬೇರಿಂಗಿನಲ್ಲಿ ರೋಲರ್ ಅಚ್ಚೊತ್ತಿದೆ. ಗಾಡಿ ಹೆಚ್ಚು ಓಡುವುದು ನೇರಕ್ಕೇ ಅಲ್ಲವೇ, ಆದ್ದರಿಂದ ಗುಳಿ ಬೀಳುವುದೂ ಅಲ್ಲೇ. ಗೋಳದ ಹೊರಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಹೊಸ ಸೀಲ್ ಎಷ್ಟು ಹಾಕಿದರೂ ನಿಲ್ಲುವುದಿಲ್ಲ. ನಮ್ಮಲ್ಲಿ ತೋಡು ದಾಟುವ ಗಾಡಿಗಳಿಗೆ ಇದು ಸಣ್ಣ ವಿಷಯವಲ್ಲ. ನಕಲಿನೊಳಗಿನ ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಎಂದೇ ಅರ್ಥ. ಬಯಲಿನಲ್ಲಿ ವರ್ಷಗಟ್ಟಲೆ ಬಿದ್ದ ಆಕ್ಸಲಿನ ಬೇರಿಂಗಿನ ಹೊರ ಬಳೆಯಲ್ಲಿ ರೋಲರುಗಳ ಅಂತರಕ್ಕೆ ಸರಿಯಾಗಿ ಕಪ್ಪು ಗೆರೆಗಳು ಕೂತಿರುತ್ತವೆ. ಉಗುರು ಎಳೆದರೆ ಸಿಕ್ಕುತ್ತದೆ.

ಕ್ರೌನ್ ಪಿನಿಯನ್ ವಿಷಯಕ್ಕೆ ಬಂದರೆ, ಮೊದಲು ಹಲ್ಲು ಎಣಿಸಿ, ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಬರುವುದೇ ರೇಶಿಯೋ. 43ಕ್ಕೆ 8 ಇದ್ದರೆ 5.38, 39ಕ್ಕೆ 8 ಇದ್ದರೆ 4.88, 47ಕ್ಕೆ 11 ಇದ್ದರೆ 4.27, 41ಕ್ಕೆ 11 ಇದ್ದರೆ 3.73. ಕವರ್ ತೆಗೆಯಲು ಬಿಡದಿದ್ದರೆ ಚಕ್ರವನ್ನು ಶಾಫ್ಟಿಗೆ ಜೋಡಿಸುವ ಲಾಕಿಂಗ್ ಹಬ್ ಎರಡನ್ನೂ ಲಾಕ್ ಮಾಡಿ, ಒಂದು ಹಬ್ಬನ್ನು ಅಲುಗಾಡದಂತೆ ಹಿಡಿದು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪಿನಿಯನ್ ಫ್ಲೇಂಜ್ ಎಷ್ಟು ಸುತ್ತು ಬಂತೆಂದು ಎಣಿಸಿ. ನಾಲ್ಕೂಕಾಲು ಬಂದರೆ 4.27, ಐದಕ್ಕೆ ಸ್ವಲ್ಪ ಕಮ್ಮಿ ಬಂದರೆ 4.88. ಒಂದನ್ನು ಹಿಡಿದಾಗ ಇನ್ನೊಂದು ತಿರುಗದೇ ಇದ್ದರೆ ಒಳಗಿನ ಗೇರುಗಳನ್ನು ವೆಲ್ಡ್ ಮಾಡಿರುವ ಸಾಧ್ಯತೆ ಉಂಟು, ಮುಂದಿನ ಆಕ್ಸಲಿಗೆ ಅದು ಬೇಡವೇ ಬೇಡ. ಮುಂದೆ ಮತ್ತು ಹಿಂದೆ ಒಂದೇ ರೇಶಿಯೋ ಇರಲೇಬೇಕು. ಹಿಂದೆ 4.27, ಮುಂದೆ 4.88 ಎಂದಿಟ್ಟುಕೊಳ್ಳಿ. ಫೋರ್ ವೀಲ್ ಹಾಕಿ 100 ಮೀಟರ್ ಹೋದರೆ ಮುಂದಿನ ಚಕ್ರ 88 ಮೀಟರಿನಷ್ಟೇ ಉರುಳುತ್ತದೆ, ಉಳಿದ 12 ಮೀಟರ್ ಎಳೆದುಕೊಂಡೇ ಹೋಗಬೇಕು. ರಬ್ಬರ್ ತೋಟದ ಕೆಸರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಗಟ್ಟಿ ಪಾರೆಯ ಮೇಲೆ ಹತ್ತಿಸಿದ ದಿನ ಮುಂದಿನ ಹಿಂದಿನ ಆಕ್ಸಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸೋ ಕ್ರಾಸೋ ಮುರಿಯುತ್ತದೆ.

ಬ್ಯಾಕ್‌ಲ್ಯಾಶ್ (ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲ) ಡಯಲ್ ಗೇಜಿನಲ್ಲಿ ಸುಮಾರು 0.12ರಿಂದ 0.25 ಮಿಲಿಮೀಟರಿನೊಳಗೆ ಇರಲಿ. ಪಿನಿಯನ್ ಫ್ಲೇಂಜನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಒಂದಿಷ್ಟೂ ಆಡಬಾರದು.

ಡಿಫರೆನ್ಶಿಯಲ್ ಯಾವ ಬದಿಗೆ ಎಂಬುದನ್ನು ಹೊರಡುವ ಮೊದಲೇ ನಿಮ್ಮ ಗಾಡಿಯ ಅಡಿಗೆ ಮಲಗಿ ನೋಡಿಕೊಳ್ಳಿ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಶಾಫ್ಟ್ ಎಡಕ್ಕೆ ಬರುತ್ತದೋ ಬಲಕ್ಕೋ, ಆಕ್ಸಲಿನದ್ದೂ ಅದೇ ಬದಿಗೆ ಬೇಕು. ತಪ್ಪು ಬದಿಯದ್ದನ್ನು ಕೊಟ್ಟು “ತಲೆಕೆಳಗು ಹಾಕಿ, ಸರಿಯಾಗುತ್ತದೆ” ಎನ್ನುವವರಿದ್ದಾರೆ. ತಲೆಕೆಳಗು ಮಾಡಿದರೆ ಕ್ರೌನ್ ವೀಲ್ ಪಿನಿಯನ್ನಿನ ಇನ್ನೊಂದು ಬದಿಗೆ ಹೋಗಿ, ಹಿಂದಿನ ಚಕ್ರ ಮುಂದಕ್ಕೆ ತಿರುಗುವಾಗ ಮುಂದಿನದ್ದು ಹಿಂದಕ್ಕೆ ತಿರುಗುತ್ತದೆ.

ಆ ಥಾರ್‌ಗೆ ಮೂಲದಲ್ಲಿ ಇರುವುದು ರ್‍ಯಾಕ್ ಸ್ಟೀರಿಂಗ್. ಇಡೀ ಆಕ್ಸಲ್ ಹಾಕಿದರೆ ಸ್ಟೀರಿಂಗ್ ಬಾಕ್ಸ್, ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಅದಕ್ಕೆ ಚಾಸಿಸಿನಲ್ಲಿ ಗಟ್ಟಿ ಪ್ಲೇಟು ಎಲ್ಲ ಹೊಸದಾಗಿ ಬೇಕು. ಹಳೆ ಆಕ್ಸಲಿನಲ್ಲಿ ಡ್ರಮ್ ಬ್ರೇಕ್ ಇದ್ದರೆ ಗಾಡಿಯ ಡಿಸ್ಕ್ ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಹಾಗೆಯೇ ಜೋಡಿಸಬೇಡಿ. ಈ ಖರ್ಚು ಆಕ್ಸಲಿನ ಬೆಲೆಯ ಜೊತೆಗೇ ಲೆಕ್ಕಕ್ಕೆ ಬರಲಿ.

ಕಾನೂನಿನ ಮಾತು ನಮ್ಮ ಜಿಲ್ಲೆಯವರಿಗೆ ಹೆಚ್ಚು ಬಿಸಿ ಮುಟ್ಟುವಂಥದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಸೇರಿಸಿದರು. ಕಾಸರಗೋಡಿನ ಕೆಎಲ್ 14 ನಂಬರಿನ ಗಾಡಿಯಾದರೆ ಖಾಸಗಿ ಜಾಗದಲ್ಲಿ ಓಡಿಸಲಿಕ್ಕೆ ಮಾತ್ರ ಎಂದು ತೀರ್ಮಾನಿಸಿಕೊಂಡೇ ಕೈ ಹಾಕಿ. ಅಲ್ಲಿಗೂ ಟ್ರಕ್ಕಿನಲ್ಲಿ ಹೇರಿಕೊಂಡು ಹೋಗಬೇಕಾದೀತು.

ಕೊಳ್ಳುವಾಗ ನೀವೇ ಹೋಗಿ, ಇಲ್ಲವೇ ಆ ಊರಿನ ಗೊತ್ತಿರುವ ಮೇಸ್ತ್ರಿಯನ್ನು ಕಳಿಸಿ. ಹೋಗಲಿಕ್ಕೆ ಆಗದಿದ್ದರೆ ಪೇಂಟ್ ಹೊಡೆಯದ ಆಕ್ಸಲನ್ನೇ ಕೇಳಿ, ಕವರ್ ತೆಗೆದು ಹಲ್ಲು ಎಣಿಸುವ ವೀಡಿಯೊ, ಟ್ಯೂಬಿನ ಕೂಡಿಕೆಯ ಹತ್ತಿರದ ಫೋಟೋ ತರಿಸಿಕೊಳ್ಳಿ. ಹಣ ಅರ್ಧ ಮುಂಚೆ, ಅರ್ಧ ಇಲ್ಲಿ ಅಳೆದ ಮೇಲೆ. “ಹೌಸಿಂಗ್ ಬಾಗಿದ್ದರೆ ವಾಪಸ್, ಲಾರಿ ಬಾಡಿಗೆ ಮಾರಿದವರದ್ದು” ಎಂದು ಬಿಲ್ಲಿನಲ್ಲೇ ಬರೆಸಿ. ಬದಿಯಡ್ಕಕ್ಕೆ ಬಂದ ಆಕ್ಸಲಿಗೆ ಬಿಲ್ಲೇ ಇರಲಿಲ್ಲ, ಫೋನ್ ಎತ್ತುವುದನ್ನು ಆ ವ್ಯಾಪಾರಿ ಎರಡನೇ ದಿನಕ್ಕೇ ನಿಲ್ಲಿಸಿದರು. ಹಬ್ಬುಗಳು, ಒಂದು ಶಾಫ್ಟ್, ಕ್ರೌನ್ ಪಿನಿಯನ್ ಎತ್ತಿಟ್ಟುಕೊಂಡು ಹೌಸಿಂಗನ್ನು ಉಪ್ಪಳದ ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಿದರು. ಹಾಕುವ ಮುಂಚೆ ಗ್ಯಾಸ್ ಕಟ್ಟರಿನಲ್ಲಿ ಎರಡು ತುಂಡು ಮಾಡಿಸಿದ್ದಾರೆ, ಯಾರೂ ಪೇಂಟ್ ಹೊಡೆದು ಇನ್ನೊಮ್ಮೆ ಮಾರದಿರಲಿ ಎಂದು.